12,000 ಗೀರುಗಳ ಒಡೆಯ

ನಮ್ಮ ಮನೆಯಲ್ಲಿ ಬೆಂಕಿ ಹೊತ್ತಿಸಲು ಮೊದಲೇ ಮೂರು ಸಾಧನಗಳಿದ್ದವು. ಅಡುಗೆಮನೆಯಲ್ಲಿ ಟಿಕ್ ಟಿಕ್ ಲೈಟರ್, ದೇವರ ಗೂಡಿನಲ್ಲಿ ಬೆಂಕಿಪೊಟ್ಟಣ, ತಿಂಗಳ ಕೊನೆಗೆ ಬರುವ ನನ್ನ ಕ್ರೆಡಿಟ್ ಕಾರ್ಡ್ ಬಿಲ್ಲು. ನಾಲ್ಕನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ.

ಕಿರುಬೆರಳಿನಷ್ಟು ಉದ್ದದ ಕಪ್ಪು ಕಡ್ಡಿ. ಅದಕ್ಕೊಂದು ಕಿತ್ತಳೆ ಬಣ್ಣದ ಹಿಡಿ, ದಾರದಲ್ಲಿ ನೇತಾಡುವ ಪುಟ್ಟ ಉಕ್ಕಿನ ತಗಡು. ಹೆಸರು ಫೆರೋ ರಾಡ್. ನೀರಲ್ಲಿ ನೆನೆದರೂ ಕೆಲಸ ಮಾಡುತ್ತದೆ, ಕಿಡಿಯ ಬಿಸಿ 3,000 ಡಿಗ್ರಿ, 12,000 ಸಲ ಗೀರಬಹುದು ಎಂದೆಲ್ಲ ಡಬ್ಬಿಯ ಮೇಲೆ ಬರೆದಿತ್ತು.

"ಈ ದುಡ್ಡಿಗೆ ಎಷ್ಟು ಬೆಂಕಿಪೊಟ್ಟಣ ಬರ್ತಿತ್ತು ಗೊತ್ತಾ?" ಎಂದಳು ಹೆಂಡತಿ. ಗೊತ್ತಿತ್ತು. ಹೇಳಲಿಲ್ಲ.

ಮೊದಲ ದಿನ ಟೆರೇಸಿನಲ್ಲಿ ಅರ್ಧ ಗಂಟೆ ಗೀರಿದೆ. ಒಂದೇ ಒಂದು ಕಿಡಿ ಬರಲಿಲ್ಲ. ಮೋಸ ಹೋದೆ ಅಂದುಕೊಂಡು ವಾಪಸ್ ಕಳಿಸಲು ಡಬ್ಬಿ ಹುಡುಕುವಾಗ, ಅದರ ತಳದಲ್ಲಿ ಇರುವೆ ಸಾಲಿನಂಥ ಅಕ್ಷರ ಕಂಡಿತು. ಕಡ್ಡಿಯ ಮೇಲಿನ ಕಪ್ಪು ಲೇಪವನ್ನು ಮೊದಲು ಕೆರೆದು ತೆಗೆಯಬೇಕಂತೆ. ಕೆರೆದೆ. ಆಮೇಲಿನ ಗೀರಿಗೆ ಸುರುಸುರು ಬತ್ತಿಯ ಹಾಗೆ ಕಿಡಿ ಸುರಿಯಿತು. ಎಷ್ಟು ಚೆನ್ನಾಗಿ ಅಂದರೆ, ಹೊಸ ಪಾಲಿಯೆಸ್ಟರ್ ಜಾಕೆಟ್ಟಿನಲ್ಲಿ ಏಳು ತೂತು. ಎಣಿಸಿದ್ದು ನಾನಲ್ಲ.

ನಮ್ಮ ತಾತ ಬೀಡಿ ಹಚ್ಚುತ್ತಿದ್ದ ಚಕಮಕಿ ಕಲ್ಲೇ ಇದು, ಇಂಗ್ಲಿಷ್ ಕಲಿತು ಬಂದಿದೆ ಅಂತ ಅಂದುಕೊಂಡಿದ್ದೆ. ಹಾಗಲ್ಲ. ಚಕಮಕಿಯಲ್ಲಿ ಕಲ್ಲು ಉಕ್ಕನ್ನು ಹೆರೆಯುತ್ತದೆ, ಉರಿಯುವುದು ಉಕ್ಕಿನ ಪುಡಿ. ಇಲ್ಲಿ ಉಕ್ಕಿನ ತಗಡೇ ಕಡ್ಡಿಯನ್ನು ಹೆರೆಯುತ್ತದೆ, ಉರಿಯುವುದು ಕಡ್ಡಿ. ಅದರಲ್ಲಿ ಸೀರಿಯಂ ಅನ್ನೋ ಲೋಹ ಇದೆ. ಪುಡಿಯಾಗಿ ಗಾಳಿಗೆ ಬಿದ್ದರೆ ಸಾಕು, ಉಜ್ಜಿದ ಬಿಸಿಗೇ ಹೊತ್ತಿಕೊಳ್ಳುತ್ತದೆ. ಈ ಕಡ್ಡಿಯ ಮಿಶ್ರಲೋಹವನ್ನು 1903ರಲ್ಲಿ ಕಂಡುಹಿಡಿದವನು ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್. ನಮ್ಮೂರಿನ ಮದುವೆ ಚಪ್ಪರದಲ್ಲಿ ಬುಸ್ಸೆನ್ನುತ್ತಿದ್ದ ಪೆಟ್ರೋಮ್ಯಾಕ್ಸಿನೊಳಗಿನ ಬಿಳಿ ಮ್ಯಾಂಟಲ್ ಇತ್ತಲ್ಲ, ಅಂಥ ಮ್ಯಾಂಟಲ್ಲಿನ ಮೂಲಪುರುಷನೂ ಅವನೇ. ಮ್ಯಾಂಟಲ್ಲಿಗೆ ಬೇಕಾದ ಥೋರಿಯಂ ತೆಗೆದ ಮೇಲೆ ಉಳಿಯುತ್ತಿದ್ದ ಚರಟದಲ್ಲಿ ಸೀರಿಯಂ ಬೇಕಾದಷ್ಟಿತ್ತು. ಪುಣ್ಯಾತ್ಮ ಅದಕ್ಕೂ ಒಂದು ದಾರಿ ಮಾಡಿದ. ಹಲಸಿನ ತೊಳೆ ತಿಂದು ಬೀಜವನ್ನು ಸಾರಿಗೆ ಹಾಕುವ ನಮ್ಮವರ ಜಾತಿಯೇ.

ಇಷ್ಟೆಲ್ಲ ಓದಿಕೊಂಡ ಮೇಲೆ ಸುಮ್ನೆ ಇರೋಕಾಗುತ್ತಾ? ಕಾಡಿಗೆ ಹೋಗಬೇಕೆನ್ನಿಸಿತು. ಆದರೆ ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ, ಹಾಕಲೂಬಾರದು. ಹಾಗಾಗಿ ತೀರ್ಥಹಳ್ಳಿ ಹತ್ತಿರದ ಗೆಳೆಯನ ಅಡಿಕೆ ತೋಟವನ್ನೇ ಕಾಡೆಂದು ತಿಳಿದು ಹೊರಟೆವು. ಜನವರಿ ಕೊನೆ. ಕೊಯ್ಲು ಮುಗಿದಿತ್ತು. ತೋಟದ ಕೆಳಗಿನ ಖಾಲಿ ಗದ್ದೆಯಲ್ಲಿ ಟೆಂಟ್. ಕೂಗಿದರೆ ಕೇಳುವಷ್ಟು ದೂರದಲ್ಲಿ ಗೆಳೆಯನ ಮನೆ. ರಾತ್ರಿ ಅಲ್ಲೇ ಅಜ್ಜಿ ಬಡಿಸಿದ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದು, ಕಾಡಿನಲ್ಲಿ ಬದುಕುಳಿಯುವ ತರಬೇತಿಗೆ ಟೆಂಟಿಗೆ ಮರಳಿದೆವು. ಮಲಗುವ ಮುಂಚೆ ನಾನೊಂದು ನಿಯಮ ಮಾಡಿದೆ: ಬೆಳಗಿನ ಕಾಫಿಗೆ ಬೆಂಕಿ ಫೆರೋ ರಾಡಿನಿಂದಲೇ. ಗೆಳೆಯನ ಜೇಬಿನಲ್ಲಿದ್ದ ಬೆಂಕಿಪೊಟ್ಟಣವನ್ನು ಕಸಿದು ಮನೆಯ ಜಗಲಿಯ ಮೇಲೆ ಇಟ್ಟು ಬಂದೆ. ಆ ಕೆಲಸ ಮಾತ್ರ ಚೆನ್ನಾಗಿ ಮಾಡಿದ್ದೆ.

ಬೆಳಗ್ಗೆ ಐದೂವರೆ. ಇಬ್ಬನಿ ಟೆಂಟಿನ ಮೇಲಿಂದ ಟಪ್ ಟಪ್ ಅಂತ ಬೀಳುತ್ತಿತ್ತು. ನಿನ್ನೆ ಸಂಜೆ ಕರಕರ ಅನ್ನುತ್ತಿದ್ದ ಸೋಗೆ, ಹಾಳೆ ಎಲ್ಲ ಈಗ ಹಿಂಡಿದರೆ ನೀರು ಬರುವ ಹಾಗಿದ್ದವು. ಚಿಂತೆ ಇಲ್ಲ, ಇಂಥದ್ದಕ್ಕೇ ಅಂತ ಬ್ಯಾಗಿನ ಜೇಬಿನಲ್ಲಿ ಕರ್ಪೂರ ಇಟ್ಟಿದ್ದೆ. ತೆಗೆದರೆ ಕಾಗದ ಇದೆ, ಪರಿಮಳ ಇದೆ, ಕರ್ಪೂರ ಇಲ್ಲ. ಎರಡು ತಿಂಗಳಲ್ಲಿ ಅದು ಬೆಂಕಿ ಸೋಕದೆಯೇ ಮುಕ್ತಿ ಪಡೆದಿತ್ತು.

ಎಲ್ಲೋ ಒಂದಿಷ್ಟು ತೆಂಗಿನ ಸಿಪ್ಪೆ ಸಿಕ್ಕಿತು. ಚಾಕುವಿನಲ್ಲಿ ಕೆತ್ತಿ, ಚಳಿಗೆ ಸೆಟೆದ ಬೆರಳಲ್ಲಿ ಇಪ್ಪತ್ತು ನಿಮಿಷ ಕೂತು ಒಂದು ಪುಟ್ಟ ಗೋಪುರ ಮಾಡಿದೆ. ಕಡ್ಡಿಯನ್ನು ಅದಕ್ಕೆ ಆನಿಸಿ, ತಗಡನ್ನು ಜೋರಾಗಿ ಮುಂದಕ್ಕೆ ತಳ್ಳಿದೆ. ಕಿಡಿ ಬಂತು. ಕಿಡಿಯ ಹಿಂದೆ ನನ್ನ ಮುಷ್ಟಿಯೂ ಬಂತು. ಗೋಪುರ ನಾಲ್ಕು ದಿಕ್ಕಿಗೆ ಹಾರಿತು. ಮತ್ತೆ ಕಟ್ಟಿದೆ. ಮತ್ತೆ ಕೆಡವಿದೆ. ಮೂರನೇ ಸಲ ಒಂದು ನಾರಿನ ತುದಿ ಕೆಂಪಾಯಿತು. ಗೆಳೆಯ ಉಸಿರು ಬಿಗಿ ಹಿಡಿದ. ನಾನು ಬಗ್ಗಿ ಊದಿದೆ. ದೀಪ ಆರಿಸುವ ಹಾಗೆ ಊದಿದೆ ಅಂತ ಗೆಳೆಯ ಈಗಲೂ ಹೇಳುತ್ತಾನೆ.

"ಜಗಲಿಗೆ ಹೋಗಿ ಬರ್ಲಾ?" ಎಂದು ಕೇಳಿದ. "ಬೇಡ" ಎಂದೆ. ಏಳು ಗಂಟೆಗೆ ಇಬ್ಬರೂ ಹೋದೆವು.

ಅಜ್ಜಿ ಬಚ್ಚಲ ಒಲೆಯ ಮುಂದೆ ಕೂತಿದ್ದರು. ನನ್ನ ಮುಖದ ಮಸಿ ನೋಡಿ, ಕೈಯಲ್ಲಿದ್ದುದನ್ನೂ ನೋಡಿ, "ಇದೆಂತದು ಮಾರಾಯ?" ಎಂದರು. ಹೇಳಿದೆ. ಕೊಡು ಇಲ್ಲಿ ಎಂಬಂತೆ ಕೈ ಚಾಚಿದರು.

ಮೊದಲು ಅವರು ಕಡ್ಡಿಯನ್ನು ಗೀರಲೇ ಇಲ್ಲ, ಪಕ್ಕಕ್ಕೆ ಇಟ್ಟರು. ಒಲೆಯ ಮೇಲಿನ ಅಟ್ಟದಿಂದ, ವರ್ಷಗಟ್ಟಲೆ ಹೊಗೆ ಕುಡಿದ ತೆಂಗಿನ ಕತ್ತವೊಂದನ್ನು ಎಳೆದರು. ಎರಡು ಅಂಗೈ ನಡುವೆ ಇಟ್ಟು ಉಜ್ಜಿದರು. ಹುಡಿ ಉದುರಿತು. ಉಜ್ಜುತ್ತಲೇ ಹೋದರು. ನಾರು ಕೂದಲಾಯಿತು, ಕೂದಲು ಹತ್ತಿಯಾಯಿತು. ಅದನ್ನು ಗುಬ್ಬಿ ಗೂಡಿನಂತೆ ಸುತ್ತಿ, ಉದುರಿದ ಹುಡಿಯನ್ನು ಬಳಿದು ಅದರ ಹೊಟ್ಟೆಗೆ ತುಂಬಿದರು. ದಾರದ ತಗಡನ್ನು "ಮಕ್ಕಳ ಆಟಿಗೆ" ಎಂದು ಬದಿಗೆ ಸರಿಸಿ, ಹಳೇ ಕತ್ತಿಯ ಬೆನ್ನನ್ನು ಗೂಡಿನ ಮೇಲೆ ಅಲುಗಾಡದಂತೆ ಹಿಡಿದರು. ಕತ್ತಿ ತಳ್ಳಲಿಲ್ಲ. ಮಜ್ಜಿಗೆ ಕಡೆಯುವ ಹಗ್ಗ ಎಳೆದ ಹಾಗೆ, ಕಡ್ಡಿಯನ್ನು ತಮ್ಮ ಕಡೆಗೆ ಸರಕ್ಕನೆ ಎಳೆದರು.

ಒಂದೇ ಗೀರು. ಗೂಡು ಹೊಗೆಯಾಡಿತು. ಅದನ್ನೆತ್ತಿ, ಮಗುವಿನ ಕಣ್ಣಿಗೆ ಬಿದ್ದ ಕಸ ಊದುವಷ್ಟು ಮೆಲ್ಲಗೆ ಊದಿದರು. ಭಗ್ ಅಂತ ಹೊತ್ತಿತು.

ಅಜ್ಜಿ ಮೊದಲ ಸಲ ನಕ್ಕರು. "ಲಾಯ್ಕಿದೆ ಇದು. ಮಳೆಗಾಲದಲ್ಲಿ ಬೆಂಕಿಪೊಟ್ಟಣ ಪೂರಾ ಥಂಡಿ ಹಿಡಿದು ಸಾಯ್ತದೆ."

ಕಾಫಿ ಕುಡಿದು ಬರುವಷ್ಟರಲ್ಲಿ ನನ್ನ ಫೆರೋ ರಾಡ್ ಬಚ್ಚಲ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ವಾಪಸ್ ಕೇಳಲು ಬಾಯಿ ಬರಲಿಲ್ಲ. ಹೊರಡುವಾಗ ಅಜ್ಜಿ ಜಗಲಿಯ ಮೇಲಿದ್ದ ಬೆಂಕಿಪೊಟ್ಟಣವನ್ನು ನನ್ನ ಕೈಗಿಟ್ಟು, "ನಿಂಗೆ ಇದು ಸಾಕು" ಎಂದರು. ಆಮೇಲೆ ಏನೋ ನೆನಪಾದಂತೆ, ಆ ಕಡ್ಡಿ ಎಷ್ಟು ದಿನ ಬರುತ್ತದೆ ಎಂದು ಕೇಳಿದರು.

"12,000 ಸಲ ಅಂತ ಬರೆದಿದಾರೆ ಅಜ್ಜಿ. ದಿನಕ್ಕೊಂದು ಗೀರು ಅಂದ್ರೂ 32 ವರ್ಷ ಆರಾಮಾಗಿ ಬರುತ್ತೆ."

ಅಜ್ಜಿಗೆ ಈಗ 84. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. ಮುಖ ಸ್ವಲ್ಪ ಸಣ್ಣದಾಯಿತು.

"ಆಮೇಲೆ ಎಂತ ಮಾಡೋದು?"