ಅಷ್ಟು ದೂರ ಹೋಗಿ ಬೇಸ್ ಮಾಡೆಲ್ಲಾ?

ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟು, ವಿಡಿಯೋ ಕಾಲ್‌ನಲ್ಲಿ ಊರಿನವರಿಗೆ ತೋರಿಸುತ್ತಿದ್ದೆ. ಅಮ್ಮ ಕಣ್ತುಂಬ ನೋಡುತ್ತಿದ್ದರು. ಅಕ್ಕನ ಮಗ ಮಾತ್ರ, "ಮಾವ, ಒಂದ್ಸಲ ಡಿಕ್ಕಿ ಕಡೆ ತೋರ್ಸಿ" ಅಂದ. ತೋರಿಸಿದೆ. ಅಲ್ಲಿದ್ದ ಎರಡಕ್ಷರ ಓದಿಕೊಂಡು, ಏನೋ ಹುಡುಕಿ, "ಎಲ್‌ಇ ಅಂದ್ರೆ ಬೇಸ್, ಎಲ್ಲಕ್ಕಿಂತ ಕೆಳಗಿನ ಮಾಡೆಲ್ ಅಲ್ವಾ?" ಅಂದ. ಹಿಂದಿನಿಂದ ಭಾವನ ದನಿ ಕೇಳಿತು. "ಅಷ್ಟು ದೂರ ಹೋಗಿ ಬೇಸ್ ಮಾಡೆಲ್ಲಾ?"

ಭಾವ ನೋಯಿಸಬೇಕೆಂದು ಹೇಳಿದ್ದಲ್ಲ. ಆದರೂ ಚುಚ್ಚಿತು. ಎರಡು ವಾರ ಕೂತು, ಲೆಕ್ಕ ಹಾಕಿ, ಇಷ್ಟಪಟ್ಟು ತಗೊಂಡ ಕಾರು ಅದು.

ಇಲ್ಲಿ ಅಮೆರಿಕದಲ್ಲಿ 2025ರ ಟೊಯೋಟಾ ಕ್ಯಾಮ್ರಿ ನಾಲ್ಕು ಟ್ರಿಮ್‌ಗಳಲ್ಲಿ, ಅಂದರೆ ಸೌಲಭ್ಯಕ್ಕೆ ತಕ್ಕ ನಾಲ್ಕು ದರ್ಜೆಗಳಲ್ಲಿ ಬಂತು. ಕೆಳಗಿನಿಂದ ಮೇಲಕ್ಕೆ, ಎಲ್‌ಇ, ಎಸ್‌ಇ, ಎಕ್ಸ್‌ಎಲ್‌ಇ, ಎಕ್ಸ್‌ಎಸ್‌ಇ. ನಾಲ್ಕರಲ್ಲೂ ಅದೇ 2.5 ಲೀಟರ್ ಹೈಬ್ರಿಡ್ ಎಂಜಿನ್, ಅಂದರೆ ಪೆಟ್ರೋಲ್ ಜೊತೆ ವಿದ್ಯುತ್ ಮೋಟರೂ ಇರುವಂಥದ್ದು. ಮುಂದಿನ ಕಾರಿಗೆ ಗುದ್ದುವ ಹಾಗಾದರೆ ತಾನೇ ಬ್ರೇಕ್ ಹಾಕುವುದು, ಗೆರೆ ದಾಟಿದರೆ ಎಚ್ಚರಿಸುವುದು, ಮುಂದಿನವರ ವೇಗ ನೋಡಿಕೊಂಡು ತಾನೇ ನಿಧಾನವಾಗುವುದು, ಇವೆಲ್ಲ ಎಲ್ಲದರಲ್ಲೂ ಇವೆ. ಕೆಳಗಿನದಕ್ಕೂ ಮೇಲಿನದಕ್ಕೂ ಸುಮಾರು ಆರು ಸಾವಿರ ಡಾಲರ್ ವ್ಯತ್ಯಾಸ. ಆ ದುಡ್ಡಿಗೆ ಸಿಗುವುದು ಚರ್ಮದ ಸೀಟು, ದೊಡ್ಡ ಸ್ಕ್ರೀನು, 19 ಇಂಚಿನ ಚಕ್ರ, ಇಂಥವು.

ಚಕ್ರದ ವಿಷಯ ನನಗೆ ಮೊದಲು ಗೊತ್ತಿರಲಿಲ್ಲ. ಎಲ್‌ಇಗೆ 16 ಇಂಚಿನದು. ಟೈರಿನ ಪಕ್ಕದ ಗೋಡೆ ದಪ್ಪ, ಹಾಗಾಗಿ ಗುಂಡಿ ಬಿದ್ದ ರಸ್ತೆಯಲ್ಲಿ ಮೆತ್ತಗೆ ಹೋಗುತ್ತದೆ. ಎಲ್‌ಇ, ಮೇಲಿನದು ಎರಡನ್ನೂ ಒಂದೇ ರಸ್ತೆಯಲ್ಲಿ ಓಡಿಸಿ ನೋಡಿದೆ. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ, ಏನೂ ಕೇಳದೆಯೇ, "ಆಗ್ಲೇ ಓಡಿಸಿದ್ದೇ ಚೆನ್ನಾಗಿತ್ತು" ಅಂದಳು. ಆಗ್ಲೇ ಓಡಿಸಿದ್ದು ಎಲ್‌ಇ. ಮೈಲೇಜೂ ಅದಕ್ಕೇ ಜಾಸ್ತಿ. ಗ್ಯಾಲನ್ನಿಗೆ 51 ಮೈಲಿ, ಮೇಲಿನವು 47ರ ಆಸುಪಾಸು. ದೊಡ್ಡ ಟೈರು ಸವೆದಾಗ ಬದಲಿಸುವ ಖರ್ಚು ಬೇರೆ. ಶೋರೂಮಿನವನೇ, "ದೊಡ್ಡ ಸ್ಕ್ರೀನ್ ಬೇಡ ಅಂದ್ರೆ ಇದು ಸಾಕು" ಅಂದುಬಿಟ್ಟ. ಮೇಲಿನದನ್ನು ಮಾರಿದ್ದರೆ ಅವನಿಗೇ ಲಾಭ. ಆ ಮಾತು ನನಗೆ ತುಂಬಾ ಹಿಡಿಸಿತು.

ಊರಲ್ಲಿ ಹೀಗೆ ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಅಲ್ಲಿ ಕಾರು ಯಾವುದು ಅಂತ ಕೇಳಿದ ಮೇಲಿನ ಮೊದಲ ಪ್ರಶ್ನೆಯೇ "ಟಾಪ್ ಎಂಡಾ?". ಹೌದು ಅಂದರೆ ಮುಖ ಅರಳುತ್ತದೆ. ಇಲ್ಲ ಅಂದರೆ ಒಂದು ಕ್ಷಣ ಮೌನ. ಸಾಲ ಇನ್ನೆರಡು ವರ್ಷ ಜಾಸ್ತಿ ಮಾಡಿಕೊಂಡಾದರೂ ಸನ್‌ರೂಫ್ ಇರುವುದನ್ನೇ ತಂದವರನ್ನು ನಾನು ಬಲ್ಲೆ. ಎರಡು ತಿಂಗಳ ಬಳಿಕ ಅದರ ಪರದೆ ತೆಗೆಯುವುದೇ ಇಲ್ಲ, ಬಿಸಿಲು ತಾನೇ. ಕಾರು ಕೊಳ್ಳುವುದು ನಮ್ಮ ಮನೆಗೋ, ಪಕ್ಕದ ಮನೆಯವರು ನೋಡಲಿ ಅಂತಲೋ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ.

ಆದರೆ ಆ ರಾತ್ರಿ ಅಪ್ಪನ ಕಾರು ನೆನಪಾಯಿತು.

ಅದೂ ಬೇಸ್ ಮಾಡೆಲ್. ಗಾಜು ಕೈಯಲ್ಲೇ ತಿರುಗಿಸಬೇಕಿತ್ತು. ಬಂಪರ್ ಕಪ್ಪು. ಹಾಡು ಕೇಳಲು ಏನೂ ಇರಲಿಲ್ಲ. ಎಡಗಡೆ ಕನ್ನಡಿಯೇ ಇರಲಿಲ್ಲ, ಅಪ್ಪ ಕತ್ತು ಹೊರಳಿಸಿ ಹೊರಳಿಸಿ ಓಡಿಸುತ್ತಿದ್ದರು. ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, ಇವುಗಳ ಮಾತೇ ಇಲ್ಲ. ಅವೆಲ್ಲ ಟಾಪ್ ಎಂಡಿನವರಿಗೆ. 2014ರಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮ ದೇಶದ ಐದು ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳನ್ನು ಗುದ್ದಿಸಿ ನೋಡಿದಾಗ ದೊಡ್ಡವರ ಸುರಕ್ಷತೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್ ಬಂದಿತ್ತು. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರಲ್ಲಿ. ಪಕ್ಕದ ಸೀಟಿನವರಿಗೆ ಇನ್ನೂ ಎರಡು ವರ್ಷ ಬೇಕಾಯಿತು. ಜೀವ ಉಳಿಸುವ ವಸ್ತುವನ್ನೇ ಮೇಲಿನ ಸಾಲಿನಲ್ಲಿಟ್ಟರೆ ಕೆಳಗಿನ ಸಾಲನ್ನು ಜನ ಕೀಳಾಗಿ ನೋಡದೆ ಇನ್ನೇನು ಮಾಡುತ್ತಾರೆ? ಭಾವನ ಆ ಮಾತಿನ ಬೇರು ಅಲ್ಲಿದೆ ಅಂತ ಒಪ್ಪಲೇಬೇಕು.

ಇಲ್ಲಿ ಹಾಗಾಗದಂತೆ ಕಾನೂನು ನೋಡಿಕೊಂಡಿದೆ. ರಿವರ್ಸ್ ತೆಗೆಯುವಾಗ ಕಾರಿನ ಹಿಂದೆ ಏನಿದೆ ಅಂತ ತೋರಿಸುವ ಕ್ಯಾಮೆರಾ ತಗೊಳ್ಳಿ. 2018ರ ಮೇ ತಿಂಗಳಿಂದ ಇಲ್ಲಿ ಮಾರುವ ಪ್ರತಿ ಹೊಸ ಕಾರಿಗೂ ಅದು ಕಡ್ಡಾಯ. 2008ರಲ್ಲಿ ಆದ ಕಾನೂನಿಗೆ ಎರಡು ವರ್ಷದ ಒಂದು ಮಗುವಿನ ಹೆಸರಿದೆ. ಅಪ್ಪನೇ ಕಾರನ್ನು ರಿವರ್ಸ್ ತೆಗೆಯುವಾಗ ಚಕ್ರಕ್ಕೆ ಸಿಕ್ಕ ಮಗು. ಜಾರಿಗೆ ಬರಲು ಹತ್ತು ವರ್ಷ ಹಿಡಿಯಿತು, ಆದರೆ ಬಂದಾಗ ಅಗ್ಗದ ಕಾರಿಗೂ ಬಂತು.

ಹೋದ ತಿಂಗಳು ಭಾವ ತಾವೇ ಮಾರುತಿ ಡಿಸೈರ್ ನೋಡುತ್ತಿದ್ದೇನೆ ಅಂತ ಬ್ರೋಷರಿನ ಫೋಟೋ ಕಳಿಸಿದರು. ನಾನು ಸುಮ್ನೆ ಇರಲಾರದೆ, "ಕೆಳಗಿನ ಮಾಡೆಲ್‌ನಲ್ಲಿ ಏರ್‌ಬ್ಯಾಗ್ ಎಷ್ಟಿದೆ ನೋಡಿ ಭಾವ" ಅಂದೆ. "ಎಲ್ಲದಕ್ಕೂ ಆರು" ಅಂದರು. ನಿಜ, 2024ರಲ್ಲಿ ಬಂದ ಡಿಸೈರ್‌ನ ಬೇಸ್ ಮಾಡೆಲ್ ಎಲ್‌ಎಕ್ಸ್‌ಐಗೂ ಆರಿವೆ. ಊರು ಇಷ್ಟು ಬದಲಾಗಿದ್ದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಎಲ್‌ಎಕ್ಸ್‌ಐ ಸಾಕಲ್ವಾ ಅಂತ ಕೇಳಿದೆ.

"ಸಾಕು. ಆದ್ರೆ ಅದ್ರಲ್ಲಿ ಹಿಂದೆ ಕ್ಯಾಮೆರಾ ಇಲ್ಲ, ಬರೀ ಸೆನ್ಸರ್. ಗೇಟಿನ ಹತ್ರ ಯಾವಾಗ್ಲೂ ಓಣಿ ಮಕ್ಕಳು ಆಡ್ತಿರ್ತಾರೆ" ಅಂದರು.

ಅವರು ಎಲ್ಲಕ್ಕಿಂತ ಮೇಲಿನ ಝಡ್‌ಎಕ್ಸ್‌ಐ ಪ್ಲಸ್ಸೇ ಬುಕ್ ಮಾಡಿದರು. ಅದರಲ್ಲಿ ಕಾರಿನ ನಾಲ್ಕೂ ಕಡೆ ಕಾಣುವ 360 ಡಿಗ್ರಿ ಕ್ಯಾಮೆರಾ ಇದೆ. ಸನ್‌ರೂಫೂ ಇದೆ. ಈ ಸಲ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.