ಮೌಸ್ ಕಿತ್ತುಕೊಳ್ಳಬೇಡಿ

ಮೊನ್ನೆ ಬೆಳಗ್ಗೆ ಮೈಸೂರಿಂದ ಹೊರಟ ರೈಲು ಪಾಂಡವಪುರ ದಾಟಿತ್ತು. ಎದುರು ಕೂತಿದ್ದ ಬೇರೆ ಕಾಲೇಜಿನ ಮೇಷ್ಟ್ರು ಕೇಳಿದರು, "ನಿಮ್ಮಲ್ಲೂ ಸ್ಮಾರ್ಟ್ ಬೋರ್ಡ್ ಬಂತಂತಲ್ಲ ಮೇಡಂ, ಹೇಗಿದೆ?"

"ಕವರ್ ಚೆನ್ನಾಗಿದೆ ಸಾರ್," ಅಂದೆ.

ಸುತ್ತ ಕೂತವರೆಲ್ಲ ನಕ್ಕರು. ಆ ಹೊತ್ತಿನ ರೈಲಿನಲ್ಲಿ ಬೋಗಿಗೆ ಹತ್ತು ಜನ ಮೇಷ್ಟ್ರುಗಳಿರುತ್ತಾರೆ. ಅವರವರ ಕವರ್ ಅವರವರಿಗೆ ನೆನಪಾಗಿರಬೇಕು. ಪಕ್ಕದಲ್ಲಿದ್ದ ಒಬ್ಬ ಹುಡುಗ ಮಾತ್ರ ಇಯರ್‌ಫೋನ್ ತೆಗೆದು ಹೇಳಿದ, "ಹಳೇ ಲೆಕ್ಚರರ್‌ಗಳಿಗೆ ಹೊಸದು ಕಲಿಯೋ ಮನಸ್ಸಿರಲ್ಲ ಬಿಡಿ." ಉತ್ತರ ಕೊಡುವಷ್ಟರಲ್ಲಿ ಮಂಡ್ಯ ಬಂದುಬಿಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕನ್ನಡ ಪಾಠ ಮಾಡುವವಳು, 22 ವರ್ಷದಿಂದ. ಬೋರ್ಡ್ ಬಂದಾಗ ತರಬೇತಿ ಕೊಡಲು ಒಬ್ಬರು ಬಂದಿದ್ದರು. ನಮ್ಮನ್ನೆಲ್ಲ ಒಂದೇ ರೂಮಲ್ಲಿ ಕೂರಿಸಿ, ಎರಡು ಗಂಟೆ, ಇಂಗ್ಲಿಷಿನಲ್ಲಿ, ಪಟಪಟ ಕ್ಲಿಕ್ ಮಾಡುತ್ತಾ ಹೋದರು. ಸಹಿ ಆಯ್ತು, ಗ್ರೂಪ್ ಫೋಟೋ ಆಯ್ತು, ಉಪ್ಪಿಟ್ಟು ಕೇಸರಿಬಾತ್ ಆಯ್ತು. ಮಾರನೇ ದಿನ ಆನ್ ಮಾಡಿದರೆ ಪಾಸ್‌ವರ್ಡ್ ಕೇಳಿತು. ಯಾರಿಗೂ ಗೊತ್ತಿಲ್ಲ. ಬಂದಿದ್ದವರ ಫೋನ್ ನಂಬರ್ ಕೂಡ ಯಾರ ಹತ್ತಿರವೂ ಇಲ್ಲ. 70 ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಎಂಟು ನಿಮಿಷ ಒದ್ದಾಡಿ ಸೀಮೆಸುಣ್ಣ ಕೈಗೆತ್ತಿಕೊಂಡೆ. ಈಗ ಹೇಳಪ್ಪಾ, ಮನಸ್ಸಿಲ್ಲದ್ದು ಯಾರಿಗೆ?

ನಾನು ನಿಜವಾಗಿ ಏನಾದರೂ ಕಲಿತಿದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ನನ್ನ ವರ್ಷಗಟ್ಟಲೆಯ ನೋಟ್ಸ್ ಎಲ್ಲ ಹಳೇ ಕನ್ನಡ ಫಾಂಟಿನಲ್ಲಿತ್ತು. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಮಳವಳ್ಳಿ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದಳು. "ಮ್ಯಾಮ್, ಇದ್ಯಾವ ಭಾಷೆ?" ಅವಳ ಮೊಬೈಲಿನಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ, ಬಾಲ ಬಂದಂಥ ಏನೋ ಒಂದು. ಹಳಗನ್ನಡವೇ ವಾಸಿ.

ಲಾಕ್‌ಡೌನ್ ಸಡಿಲವಾದ ಮೇಲೆ ಕಾಲೇಜಿಗೆ ಹೋದಾಗ ಕಂಪ್ಯೂಟರ್ ಸೈನ್ಸ್‌ನ ಅತಿಥಿ ಉಪನ್ಯಾಸಕಿಗೆ ತೋರಿಸಿದೆ. ನನ್ನ ಮಗಳ ವಯಸ್ಸಿನವಳು. ಅವಳು ಹೇಳಿದ್ದು ಹೀಗೆ: "ಹಳೇ ಫಾಂಟಲ್ಲಿ ಕನ್ನಡ, ಇಂಗ್ಲಿಷ್ ಅಕ್ಷರದ ಮನೇಲಿ ಬಾಡಿಗೆಗೆ ಇರುತ್ತೆ ಮೇಡಂ. ಫಾಂಟ್ ಇಲ್ಲದ ಫೋನಲ್ಲಿ ಬಾಗಿಲು ತಟ್ಟಿದ್ರೆ ಓನರ್ರೇ ಹೊರಗೆ ಬರ್ತಾರೆ. ಈಗಿನ ಫೋನೆಲ್ಲಾ ಓದೋ ಯೂನಿಕೋಡಲ್ಲಿ ಕನ್ನಡಕ್ಕೆ ಸ್ವಂತ ಸೈಟು, ಸ್ವಂತ ಮನೆ." ವರ್ಷಗಟ್ಟಲೆ ವ್ಯಾಕರಣ ಹೇಳಿದ ನನಗೆ ಇಷ್ಟು ಚೆನ್ನಾಗಿ ಯಾರೂ ಏನನ್ನೂ ಬಿಡಿಸಿ ಹೇಳಿರಲಿಲ್ಲ.

(ಪಿಡಿಎಫ್ ಮಾಡಿ ಕಳಿಸಿದ್ದರೆ ಸಾಕಿತ್ತಲ್ವಾ ಅನ್ನುವವರಿಗೆ: ಓದಲು ಸಾಕು. ಅದರೊಳಗೆ ಒಂದು ಕನ್ನಡ ಪದ ಹುಡುಕಿ ನೋಡಿ, ಸಿಕ್ಕರೆ ಹೇಳಿ.)

ಆಮೇಲೆ ಅವಳು ಮಾಡಿದ್ದೇ ದೊಡ್ಡದು. ಫೈಲನ್ನು ಯೂನಿಕೋಡ್‌ಗೆ ತಿರುಗಿಸುವುದು ಅವಳಿಗೆ ಎರಡು ನಿಮಿಷದ ಕೆಲಸ. ಮಾಡಿಕೊಡಲಿಲ್ಲ. "ನೀವೇ ಮಾಡಿ ಮೇಡಂ, ನಾನು ಪಕ್ಕದಲ್ಲಿ ಕೂತಿರ್ತೀನಿ" ಅಂದಳು. ನನಗೆ 40 ನಿಮಿಷ ಬೇಕಾಯಿತು. ತಪ್ಪು ಜಾಗದಲ್ಲಿ ಒತ್ತಿದಾಗಲೂ ಅವಳ ಕೈ ಮೌಸಿನ ಹತ್ತಿರ ಬರಲಿಲ್ಲ. ಅಲ್ಲಲ್ಲಿ ಅರ್ಕಾವತ್ತು ಎಗರಿ ಹೋಗಿದ್ದವು, ಅದನ್ನೂ ನಾನೇ ಸರಿ ಮಾಡಿದೆ. ಆವತ್ತಿನಿಂದ ಆ ಕೆಲಸಕ್ಕೆ ಯಾರನ್ನೂ ಕರೆದಿಲ್ಲ.

ಮೇಷ್ಟ್ರುಗಳಿಗೆ ಬೇಕಿರುವುದು ಇದು. ಕೇಳಿದಾಗ ಪಕ್ಕದಲ್ಲಿ ಬಂದು ಕೂರುವ ಒಬ್ಬರು.

ಯಂತ್ರ ನಮಗೆ ಹೊಸದೇನಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳು ದೂರದರ್ಶನದಲ್ಲಿ ಬರಲು ಶುರುವಾಗಿದ್ದು 1984ರ ಆಗಸ್ಟ್ 15ರಂದು. ಪಾಠಕ್ಕೆ ಅಂತಲೇ ಇಸ್ರೋ 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿಸಿತು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂ ಬಂತು. ವಿಡಿಯೊ ಪಾಠ ತಯಾರಿಸುವ ಇಎಂಆರ್‌ಸಿ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಎಲ್ಲವೂ ಒಳ್ಳೆಯವೇ. ಆದರೆ ಇವೆಲ್ಲ ಪಾಠವನ್ನು ಮಕ್ಕಳ ತನಕ ಸಾಗಿಸುವ ಗಾಡಿಗಳು. ಪಾಠ ಮಾಡುವವರ ಕಷ್ಟ ಕೇಳುವ ಏರ್ಪಾಡು ಬೇರೆಯೇ ಬೇಕು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ ಅಂಥದ್ದೊಂದು ಕೇಂದ್ರವನ್ನು 1962ರಲ್ಲೇ ತೆರೆಯಿತು. ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಶುರುವಾದ ವರ್ಷವೇ ಅದು. ಮಿಶಿಗನ್‌ನಲ್ಲಿ ಮೇಷ್ಟ್ರು ಕರೆದರೆ ಕೇಂದ್ರದವರು ಕ್ಲಾಸಿಗೇ ಬರುತ್ತಾರೆ. ಸೆಮಿಸ್ಟರ್ ಮಧ್ಯದಲ್ಲಿ, ಮೇಷ್ಟ್ರನ್ನು ಹೊರಗೆ ಕಳಿಸಿ, ಪಾಠ ಹೇಗೆ ನಡೀತಿದೆ ಅಂತ ಮಕ್ಕಳನ್ನೇ ಕೇಳುತ್ತಾರೆ. ಆಮೇಲೆ ಅದನ್ನು ಮೇಷ್ಟ್ರ ಜೊತೆ ಕೂತು ಮಾತಾಡುತ್ತಾರೆ. ನಮ್ಮಲ್ಲಿ ಹೀಗೆ ಮಾಡಿದರೆ ಮೊದಲ ವರ್ಷ ಗಲಾಟೆ ಆಗುತ್ತದೆ, ಆಗಲಿ.

ಇನ್ನು ಹೊತ್ತಿನ ವಿಷಯ. 2018ರ ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರ ಪಾಠ ಮಾಡಬೇಕು, ಅದರ ಮೇಲಿನವರು 14 ಗಂಟೆ. ಇದಲ್ಲದೆ ಪೇಪರ್ ತಿದ್ದುವುದು, ಅಂಕ ಅಪ್‌ಲೋಡ್ ಮಾಡುವುದು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು. ಅದೇ ನಿಯಮದಲ್ಲಿ ನಾಲ್ಕು ಕ್ರೆಡಿಟ್‌ನ ಪೂರ್ತಿ ಆನ್‌ಲೈನ್ ಕೋರ್ಸ್ ತಯಾರಿಸಿದ ಮೇಷ್ಟ್ರಿಗೆ, ಅವರ ಸಾಧನೆಯ ಲೆಕ್ಕದಲ್ಲಿ, 20 ಅಂಕವಿದೆ. ಸರಿಯೇ. ಆದರೆ ಇರುವ ಒಂದು ಪಾಠವನ್ನು ಇರುವ 70 ಮಕ್ಕಳಿಗೆ ಇನ್ನಷ್ಟು ಚೆನ್ನಾಗಿ ಮುಟ್ಟಿಸಲು ಭಾನುವಾರ ಕೂತು ತಿಣುಕಿದ್ದಕ್ಕೆ ಯಾವ ಕಾಲಮ್ಮಿನಲ್ಲೂ ಜಾಗವಿಲ್ಲ. ಅತಿಥಿ ಉಪನ್ಯಾಸಕರ ಪಾಡಂತೂ ಕೇಳಬೇಡಿ. ನನಗೆ ಕಲಿಸಿದ ಆ ಹುಡುಗಿಗೆ ಆ 40 ನಿಮಿಷಕ್ಕೆ ಒಂದು ರೂಪಾಯಿ ಸಿಗಲಿಲ್ಲ. ನಾನು ಕುಡಿಸಿದ ಕಾಫಿಯೇ ಸಂಬಳ.

ಹಾಗಂತ ನಾನು ಎಲ್ಲಕ್ಕೂ ಯಂತ್ರ ತರುವವಳಲ್ಲ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವುದನ್ನು ಕಪ್ಪುಹಲಗೆಯ ಮೇಲೇ ಹೇಳಿಕೊಡುತ್ತೇನೆ. ಮೂರು, ನಾಲ್ಕು, ಮೂರು, ನಾಲ್ಕು ಅಂತ ಕೈ ನಿಧಾನಕ್ಕೆ ಹೋಗಬೇಕು, ನಾನೂ ಒಮ್ಮೆ ತಪ್ಪಬೇಕು, ಹಿಂದಿನ ಬೆಂಚಿನವರು "ಮ್ಯಾಮ್, ಅದು ಗುರು" ಅಂತ ಕೂಗಬೇಕು. ಸ್ಲೈಡಿನಲ್ಲಿ ಎಲ್ಲ ಮೊದಲೇ ಸರಿಯಾಗಿರುತ್ತದೆ, ಮಕ್ಕಳು ಫೋಟೋ ಹೊಡೆದು ಸುಮ್ನೆ ಕೂರುತ್ತಾರೆ. ಅದೇ ಪದ್ಯವನ್ನು ರಾಗವಾಗಿ ಓದಿ ಆಡಿಯೊ ಮಾಡಿ ಕಳಿಸಿದರೆ ಬಸ್ಸಿನಲ್ಲಿ ನಾಲ್ಕು ಸಲ ಕೇಳಿಕೊಂಡು ಬರುತ್ತಾರೆ. ಯಾವುದಕ್ಕೆ ಯಾವುದು ಅಂತ ಪಾಠ ಮಾಡುವವರಿಗೆ ಗೊತ್ತಾಗುತ್ತದೆ, ನಾಲ್ಕು ಸಲ ಎಡವಲು ಬಿಟ್ಟರೆ.

ಕೊನೆಗೊಂದು ವಿಷಯ. ಮಂಡ್ಯದ ಸುತ್ತಮುತ್ತ ಯಾರದ್ದಾದರೂ ಹಳೇ ಫಾಂಟಿನ ನೋಟ್ಸ್ ಕೊಳೆಯುತ್ತಿದ್ದರೆ ಶನಿವಾರ ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿಗೆ ಬನ್ನಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಮೌಸ್ ಮುಟ್ಟುವುದಿಲ್ಲ. ಕಾಫಿ ನಿಮ್ಮದು. ಪೆನ್‌ಡ್ರೈವ್‌ನಲ್ಲಿ ವೈರಸ್ ಇದ್ದರೆ ದಯವಿಟ್ಟು ಮೊದಲೇ ಹೇಳಿಬಿಡಿ.