ಆ ಚಾಪೆಯ ಮೇಲೆ ಕೂತು ಬಂದವರು

ನಮ್ಮ ಚಿಕ್ಕಮ್ಮನ ಮಗಳು ನಾಲ್ಕು ವರ್ಷದ ಹಿಂದೆ ನಮ್ಮ ಚರ್ಚಿನ ಸಭೆ ಬಿಟ್ಟು ಒಂದು ಪ್ರಾರ್ಥನಾ ಗುಂಪು ಸೇರಿದಳು. ಈಗ ಮದುವೆಗೂ ಬರುವುದಿಲ್ಲ, ಮಣ್ಣಿಗೂ ಬರುವುದಿಲ್ಲ. ನಮ್ಮವರೆಲ್ಲ ಹೇಳಿದ್ದು ಒಂದೇ ಮಾತು: 'ದುರ್ಬೋಧನೆಗೆ ಬಿದ್ದಳು.' ಯಾಕೆ ಹೋದಳು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅದಕ್ಕೇ ಅಮೆರಿಕದ ಬರ್ಕ್ಲಿಯಲ್ಲಿ ಇಂಥ ಪಂಥಗಳನ್ನು ಅಧ್ಯಯನ ಮಾಡಿದವರ ಕಥೆ ನನ್ನನ್ನು ಬಿಡುತ್ತಿಲ್ಲ.

ಪಂಥಗಳ ಅಧ್ಯಯನವನ್ನೇ ಸೇವೆ ಮಾಡಿಕೊಂಡ ಕ್ರೈಸ್ತರಲ್ಲಿ ದೊಡ್ಡ ಹೆಸರು ಅಮೆರಿಕದ ವಾಲ್ಟರ್ ಮಾರ್ಟಿನ್ ಅವರದು. 1960ರಲ್ಲಿ ನ್ಯೂಜೆರ್ಸಿಯಲ್ಲಿ ಕ್ರಿಶ್ಚಿಯನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಒಂದು ಕಡೆ ಬೈಬಲ್, ಇನ್ನೊಂದು ಕಡೆ ಆ ಪಂಥದವರದ್ದೇ ಪುಸ್ತಕ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅವರ ರೀತಿ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆದದ್ದು ಬೇರೆ. ಯುದ್ಧ ವಿರೋಧಿ ಗಲಾಟೆ, ಹಿಪ್ಪಿಗಳು, ಭಾರತದಿಂದ ಬಂದ ಗುರುಗಳು, ಎಲ್ಲ ಒಟ್ಟಿಗೆ ಇದ್ದ ಊರು ಅದು. ಅಲ್ಲಿ 1969ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ವರ್ಲ್ಡ್ ಲಿಬರೇಷನ್ ಫ್ರಂಟ್ ಅನ್ನುವ ಕ್ರೈಸ್ತ ಗುಂಪಿನ ಒಳಗಿಂದಲೇ 1973ರಲ್ಲಿ ಹೊಸ ಪಂಥಗಳನ್ನು ಪರಿಶೀಲಿಸುವ 'ಸ್ಪಿರಿಚುಯಲ್ ಕೌಂಟರ್‌ಫೀಟ್ಸ್ ಪ್ರಾಜೆಕ್ಟ್' ಬಂತು. ಕಟ್ಟಿದವರಲ್ಲಿ ಬ್ರೂಕ್ಸ್ ಅಲೆಕ್ಸಾಂಡರ್ ಮಹರ್ಷಿ ಮಹೇಶ್ ಯೋಗಿಯವರ ಭಾವಾತೀತ ಧ್ಯಾನ ಮಾಡಿದ್ದವರು. ಡೇವಿಡ್ ಫೆಚೊ ಆನಂದ ಮಾರ್ಗದಲ್ಲಿ ಇದ್ದವರು. ಅಂದರೆ ಹುಡುಕುತ್ತಾ ಹೋಗಿ, ಆ ಚಾಪೆಯ ಮೇಲೆ ತಾವೇ ಕೂತು ಬಂದವರು. ನನ್ನ ಪ್ರಕಾರ ಇದೇ ದೊಡ್ಡದು. ಒಬ್ಬ ಮನುಷ್ಯ ಅಲ್ಲಿಗೆ ಯಾಕೆ ಹೋಗುತ್ತಾನೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವರ ಕೆಲಸ ಜಾಸ್ತಿ ಸುದ್ದಿಯಾದದ್ದು ಒಂದು ಕೇಸಿನಿಂದ. ನ್ಯೂಜೆರ್ಸಿಯ ಐದು ಸರ್ಕಾರಿ ಹೈಸ್ಕೂಲುಗಳಲ್ಲಿ ಈ ಭಾವಾತೀತ ಧ್ಯಾನವನ್ನು ಪಾಠವಾಗಿ ಕಲಿಸುತ್ತಿದ್ದರು. ಇದು ಧರ್ಮ ಅಲ್ಲ, ವಿಜ್ಞಾನ ಅನ್ನುವುದು ಕಲಿಸುವವರ ವಾದ. ಆದರೆ ಮಂತ್ರ ಪಡೆಯಲು ಮಕ್ಕಳು ಹಣ್ಣು, ಹೂವು, ಬಿಳಿ ಕರ್ಚೀಫು ತರಬೇಕಿತ್ತು. ಮಹರ್ಷಿಯವರ ಗುರುವಾದ 'ಗುರುದೇವ'ರ ಫೋಟೊ ಮುಂದೆ ಶಿಕ್ಷಕರು ಸಂಸ್ಕೃತ ಶ್ಲೋಕ ಹೇಳುತ್ತಿದ್ದರು. ನಾರಾಯಣನಿಂದ ಶಂಕರಾಚಾರ್ಯರವರೆಗೆ, ಪದ್ಮಪಾದ, ಹಸ್ತಾಮಲಕ, ತೋಟಕರವರೆಗೆ ಬರುವ ಗುರುಪರಂಪರೆ. ಶೃಂಗೇರಿ ಕಡೆಯವರಿಗೆ ಕೇಳಿದ ಕೂಡಲೇ ಗೊತ್ತಾಗುತ್ತೆ, ಅಲ್ವಾ? ಅಮೆರಿಕದ ಮಕ್ಕಳಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಈ ಸಂಸ್ಥೆ ಬೇರೆಯವರ ಜೊತೆ ಸೇರಿ ಕೋರ್ಟಿಗೆ ಹೋಯಿತು. ಶ್ಲೋಕದ ಅರ್ಥ ನ್ಯಾಯಾಧೀಶರ ಮುಂದೆ ಬಂತು. 1977ರಲ್ಲಿ ಇದು ಧಾರ್ಮಿಕವೇ ಅಂತ ತೀರ್ಪಾಯಿತು, 1979ರಲ್ಲಿ ಮೇಲಿನ ಕೋರ್ಟೂ ಒಪ್ಪಿತು. ನಾನು ಇದನ್ನು ಹಿಂದೂಗಳ ಸೋಲು ಅಂತ ನೋಡುವುದಿಲ್ಲ. ಪೂಜೆಯನ್ನು ಪೂಜೆ ಅಂತ ಕರೆದರೆ ಪೂಜೆಗೇ ಮರ್ಯಾದೆ.

ಆದರೆ ಇದೇ ಸಂಸ್ಥೆ ಚೀನಾ ಮೂಲದ ಬೋಧಕ ವಿಟ್ನೆಸ್ ಲೀ ಅವರ 'ಲೋಕಲ್ ಚರ್ಚ್' ಅನ್ನುವ ಕ್ರೈಸ್ತ ಗುಂಪಿನ ಬಗ್ಗೆ ಒಂದು ಪುಸ್ತಕ ಬರೆದು ಮಾನನಷ್ಟ ಕೇಸಿಗೆ ಸಿಕ್ಕಿತು. 1985ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೋರ್ಟು 1.19 ಕೋಟಿ ಡಾಲರ್ ಪರಿಹಾರ ಕೊಡಲು ಹೇಳಿತು. ಮಾರ್ಟಿನ್ ಅವರ ಸಂಸ್ಥೆಯೂ ಹಿಂದೆ ಇದೇ ಲೋಕಲ್ ಚರ್ಚನ್ನು ಟೀಕಿಸಿತ್ತು. ಆಮೇಲೆ ವರ್ಷಗಟ್ಟಲೆ ಮತ್ತೆ ಓದಿ, ಅವರ ಜೊತೆ ಕೂತು ಮಾತಾಡಿ, 2009ರಲ್ಲಿ ತಮ್ಮದೇ ಪತ್ರಿಕೆಯಲ್ಲಿ 'ನಾವು ತಪ್ಪು ಮಾಡಿದ್ದೆವು' ಅಂತ ಅಚ್ಚು ಹಾಕಿದರು. ಮೂವತ್ತು ವರ್ಷ ಆದ ಮೇಲೆ! ನನಗೆ ಕೋರ್ಟಿನ ಗೆಲುವಿಗಿಂತ ಈ ಒಂದು ಸಾಲು ದೊಡ್ಡದು. ಸಂಶೋಧನೆ ಅಂದರೆ ಇದು. ಉಳಿದದ್ದು ಸುಮ್ನೆ ಹಣೆಪಟ್ಟಿ ಅಂಟಿಸುವ ಕೆಲಸ.

ಹೋದ ಭಾನುವಾರ ತಂಗಿಗೆ ಫೋನ್ ಮಾಡಿದೆ. ವಾದ ಮಾಡಲಿಲ್ಲ. 'ಅಲ್ಲಿ ಏನು ಹಾಡ್ತೀರಿ, ಯಾರು ಬರ್ತಾರೆ, ಮೊದಲನೇ ಸಲ ಯಾಕೆ ಹೋದೆ' ಅಂತ ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಅಪ್ಪ ಹೋದ ಮೇಲೆ ನಮ್ಮನೆಗೆ ದಿನಾ ಬಂದವರು ಅವರೊಬ್ಬರೇ ಅಣ್ಣಾ' ಅಂದಳು.